ಬೆವರು ತಾಗದ ಅಂಗಿ

ಅನ್ನಪೂರ್ಣಾ ಭೀಮಶಿಯನ್ನು ಮೊದಲ ಸಲ ಕಂಡದ್ದು ಗೋಕಾಕದ ವಾರದ ಸಂತೆಯಲ್ಲಿ, ಹಳೆಬಟ್ಟೆ ಮಾರುವ ರಾಜಪ್ಪನ ರಾಶಿಯ ಮುಂದೆ. ಮುಖಕ್ಕಿಂತ ಮೊದಲು ಕಂಡದ್ದು ಅವನ ಕೈ. ಅವಳು ಎಳೆಯುತ್ತಿದ್ದ ಅಂಗಿಯ ಇನ್ನೊಂದು ತೋಳು ಆ ಕೈಯಲ್ಲಿತ್ತು.

ಆಗ ಅವಳ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತವರು ಕುಲಗೋಡ, ಕೊಟ್ಟದ್ದು ಮೂಡಲಗಿಗೆ. ಅತ್ತೆ ಶೆಟ್ಟೆವ್ವ ಕೌದಿ ಹೊಲಿಯುವುದರಲ್ಲಿ ಹೆಸರಾದವಳು. ಬಾಣಂತನ, ಮದುವೆ ಎಂದರೆ ಸುತ್ತಲಿನ ಊರಿನವರು ಹಳೆಯ ಸೀರೆ, ಧೋತರಗಳ ಗಂಟು ಹೊತ್ತುಕೊಂಡು ಅವಳ ಕಟ್ಟೆಗೇ ಬರುತ್ತಿದ್ದರು. ಮನೆಗೆ ಬಂದ ಸೊಸೆಗೂ ಸೂಜಿ ಕೊಟ್ಟು ಬಾಜೂಕ ಕೂರಿಸಿಕೊಂಡಿದ್ದಳು. ತುಂಡು ಬಟ್ಟೆ ಕಡಿಮೆಬಿದ್ದಾಗ ಇಬ್ಬರೂ ಬೆಳಗಿನ ಬಸ್ಸಿಗೆ ಗೋಕಾಕಕ್ಕೆ ಬಂದು ರಾಜಪ್ಪನ ರಾಶಿ ಕೆದಕುವುದು ರೂಢಿ.

ಆ ದಿನ ರಾಜಪ್ಪ ಆಗಷ್ಟೇ ದೊಡ್ಡ ಗಂಟು ಬಿಚ್ಚಿ ತಾಡಪತ್ರಿಯ ಮೇಲೆ ಸುರುವಿದ್ದ. ಎಲ್ಲಿಂದಲೋ ಹಡಗು ಹತ್ತಿ ಬಂದ ಪ್ಯಾಂಟು, ಸ್ವೆಟರು, ಕೋಟುಗಳ ರಾಶಿಯಿಂದ ನುಸಿಗುಳಿಗೆಯ ವಾಸನೆ ಏಳುತ್ತಿತ್ತು. ಅವುಗಳ ಸಂದಿಯಲ್ಲಿ ಕೆಂಪು ಬಿಳಿ ಚೌಕಗಳ ಒಂದು ಅಂಗಿ ಅನ್ನಪೂರ್ಣಾಳ ಕಣ್ಣಿಗೆ ಬಿತ್ತು. ಚೌಕಗಳು ಮೊದಲೇ ಬಿದ್ದಿವೆ, ಕತ್ತರಿ ಆಡಿಸಿದರೆ ಮುಗಿಯಿತು ಎಂದುಕೊಂಡು ಕೈ ಹಾಕಿದಳು. ಅಷ್ಟರಲ್ಲಿ ಅದು ಆ ಕಡೆಯಿಂದಲೂ ಜಗ್ಗಿತು.

"ಬಿಡ್ರಿ ಅಕ್ಕಾರ, ಹರದೀತು."

"ನೀವ ಬಿಡ್ರಲಾ. ಮೊದಲ ಹಿಡದಾಕಿ ನಾನು."

ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದವನು ನಲವತ್ತರ ಆಚೀಚಿನ ಗಂಡಸು. ಖಾಕಿ ಪ್ಯಾಂಟು, ಮೊಣಕಾಲ ತನಕ ಒಣಗಿದ ಕೆಸರು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ನು. ಜಗಳಕ್ಕೆ ಬಂದವನ ಮುಖವಲ್ಲ ಅದು. ಕೂಸನ್ನು ಎತ್ತಿಕೊಡಿರೆಂದು ಕೇಳುವವನ ಮುಖ.

"ಏನ ಮಾಡತೀರಿ ಇದನ್ನ?" ಎಂದು ಕೇಳಿದ.

"ಕೌದಿಗಿ."

"ಕೌದಿಗಿ! ಕತ್ತರಿ ಹಾಕತೀರಿ?"

ಶೆಟ್ಟೆವ್ವ ನಡುವೆ ಬಾಯಿ ಹಾಕಿದಳು. "ಏ ಹುಡುಗಿ, ಬಿಡ ಅದನ್ನ. ಜಗ್ಗಿದಂಗ ಹಿಗ್ಗತೈತಿ ನೋಡು. ಹಿಗ್ಗೂ ಅರಿವಿ ಮ್ಯಾಲ ಹಚ್ಚಿದ್ರ ಕೌದಿ ಸುಕ್ಕ ಬೀಳತೈತಿ. ಅಂಥಾದ್ದನ್ನ ಹೊಟ್ಟಿಗಿ ಹಾಕೂದು."

"ಹೊಟ್ಟಿಗಿ ಅಂದ್ರ ಏನ್ ಯವ್ವಾ?"

"ಒಳಗ, ಯಪ್ಪಾ. ಎರಡ ಸೀರಿ ನಡಬರಕ. ಯಾರಿಗೂ ಕಾಣೂದಿಲ್ಲ, ಬೆಚ್ಚಗ ಇರತೈತಿ."

"ಯವ್ವಾ, ಇದ ಕ್ರೊಯೇಷಿಯಾ ಅನ್ನೂ ದೇಶದ ಫುಟ್ಬಾಲ್ ಅಂಗಿ. ಅವ್ರು ಮೊದಲನೇ ಸಲ ವರ್ಲ್ಡ್ ಕಪ್ಪಿಗಿ ಬಂದಾಗಿಂದು. ಇದನ್ನ ಒಳಗ ಹಾಕಿ ಹೊಲೀತೀರಿ?"

"ಯಾಕ, ಆ ದೇಶದವ್ರಿಗಿ ಥಂಡಿ ಹತ್ತೂದಿಲ್ಲೇನ?"

ರಾಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಭೀಮಶಿ, ನಿನಗ ಸರಿಯಾದವ್ರು ಇವತ್ತ ಗಂಟ ಬಿದ್ರ ನೋಡು! ಯಕ್ಕಾ, ಇಂವ ಕಾಲುವಿ ಮ್ಯಾಲಿನ ನೀರಗಂಟಿ. ಮಂದಿ ಸಂತಿಗಿ ಬದನಿಕಾಯಿಗಿ ಬಂದ್ರ ಇಂವ ಬ್ರೆಜಿಲ್ ಹುಡಕಾಕ ಬರತಾನ."

ಭೀಮಶಿ ಎದ್ದು ಹೋಗಿ ತನ್ನ ಮೋಟರ್‌ಸೈಕಲ್ಲಿಗೆ ಕಟ್ಟಿದ್ದ ಚೀಲ ಬಿಚ್ಚಿದ. ಮೆತ್ತಗೆ ಸವೆದ ಎರಡು ಹತ್ತಿ ಧೋತರ, ಒಂದು ಇಳಕಲ್ ಸೀರೆ ತಂದು ಶೆಟ್ಟೆವ್ವನ ಮುಂದೆ ಇಟ್ಟ. "ನಮ್ಮವ್ವನ ಸೀರಿ, ನಮ್ಮಪ್ಪನ ಧೋತರ. ಗಾಡಿ ಒರಸಾಕ ಇಟಗೊಂಡಿದ್ದೆ. ಇವನ್ನ ತಗೊಂಡ ಅದನ್ನ ಬಿಡ್ರಿ."

ಶೆಟ್ಟೆವ್ವ ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಇಂಥಾ ಸೀರಿಲೆ ಗಾಡಿ ಒರಸತಿದ್ದೇನೋ ಮೂಳಾ! ಕೊಡ ಇಲ್ಲೆ." ವ್ಯವಹಾರ ಅಲ್ಲಿಗೆ ಮುಗಿಯಿತು. ಅಂಗಿ ಅವನ ಪಾಲಾಯಿತು.

ಅಂದಿನಿಂದ ಅದೇ ಪದ್ಧತಿ ಬೆಳೆಯಿತು. ಹಿಡಕಲ್ ಅಣೆಕಟ್ಟಿನ ನೀರು ಹರಿಯುವ ಕಾಲುವೆಗಳ ಮೇಲೆ ಭೀಮಶಿ ಒಮ್ಮೆ ಹುಕ್ಕೇರಿ ಕಡೆ, ಒಮ್ಮೆ ಗೋಕಾಕ ಕಡೆ, ಒಮ್ಮೆ ಮೂಡಲಗಿ ಕಡೆ ಕೆಲಸ ಮಾಡಿದವನು. ಯಾವ ತೂಬು ಎಷ್ಟು ಎತ್ತಬೇಕು, ಯಾರ ಹೊಲದ ಪಾಳಿ ಯಾವಾಗ ಎಂದು ನೋಡಿಕೊಳ್ಳುವುದು ಅವನ ಕೆಲಸ. ಹೀಗಾಗಿ ಕಾಲುವೆಯ ದಂಡೆಯ ಪ್ರತಿ ಮನೆಯೂ ಅವನಿಗೆ ಗೊತ್ತು. ಅಲ್ಲಿ ಸಿಕ್ಕ ಹಳೆಯ ಹತ್ತಿ ಬಟ್ಟೆ ಮೂಡಲಗಿಗೆ ಬರುತ್ತಿತ್ತು. ಅತ್ತೆ ಸೊಸೆಗೆ ಬಂದ ಗಂಟುಗಳಲ್ಲಿ ಆಟದ ಅಂಗಿ ಕಂಡರೆ ಅನ್ನಪೂರ್ಣಾ ಫೋನಿನಲ್ಲಿ ಫೋಟೋ ತೆಗೆದು ಕಳಿಸುತ್ತಿದ್ದಳು. ಬಹಳ ಸಲ ಉತ್ತರ ಒಂದೇ ಇರುತ್ತಿತ್ತು: "ಡುಪ್ಲಿಕೇಟ್ ಅಕ್ಕಾರ. ಹೊಟ್ಟಿಗಿ ಹಾಕ್ರಿ."

ಅವನ ಮನೆಗೆ ಅವಳು ಒಮ್ಮೆ ಹೋಗಿದ್ದಳು. ಹಿಡಕಲ್ ಕಾಲನಿಯಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಅಲ್ಲವ್ವ ಚಹಾ ಕೊಡುತ್ತಲೇ ದೂರು ಶುರುಮಾಡಿದಳು. "ಇಡೀ ಜಗತ್ತಿನ ಅಂಗಿ ನಮ್ಮ ಮನ್ಯಾಗ ಅದಾವ್ ನೋಡವ್ವಾ. ಇವ್ರಿಗಿ ಮದುವಿಗಿ ಹಾಕ್ಕೊಂಡ ಹೋಗಾಕ ಒಂದ ಚಲೋ ಅಂಗಿ ಇಲ್ಲ." ಹಾಗೆ ಅಂದವಳೇ ಟ್ರಂಕಿನ ಮೇಲಿನ ಹಾಸಿಗೆ ಸರಿಸಿ, ಒಳಗಿನ ಬೇವಿನ ಎಲೆ ತೆಗೆದು, ಅಂಗಿಗಳನ್ನು ಒಂದೊಂದಾಗಿ ಹರವಿದಳು. ಎದೆಯ ಮೇಲೆ ಕಪ್ಪು, ಕೆಂಪು, ಬಂಗಾರದ ಪಟ್ಟಿ ಓಡಿದ್ದ ಬಿಳಿ ಅಂಗಿ ಪಶ್ಚಿಮ ಜರ್ಮನಿಯದು. ಅರ್ಧ ಕೆಂಪು, ಅರ್ಧ ಗೆರೆ ಇದ್ದದ್ದು ಡೆನ್ಮಾರ್ಕಿನದು. ಯಾವುದು ಎಲ್ಲಿಯದೆಂದು ಅವಳೇ ಹೇಳುತ್ತಿದ್ದಳು, ಭೀಮಶಿ ಬಾಗಿಲಲ್ಲಿ ನಿಂತು ನಗುತ್ತಿದ್ದ. ಯಾರು ಬಂದರೂ ತೋರಿಸುತ್ತಿದ್ದ ಅವನು. ಪಾಳಿಯ ನೀರಿಗಾಗಿ ತಕರಾರು ತಂದ ರೈತರಿಗೂ ಮೊದಲು ಟ್ರಂಕು ತೆಗೆದೇ ಮುಂದಿನ ಮಾತು. ಮುಟ್ಟಬಹುದು. ಹಾಕಿಕೊಳ್ಳುವಂತಿಲ್ಲ. ತಾನೂ ಒಂದು ದಿನ ಹಾಕಿಕೊಂಡವನಲ್ಲ.

"ಈ ಹುಚ್ಚ ಹೆಂಗ ಹತ್ತಿತ್ರಿ ಅಣ್ಣಾರ?" ಎಂದು ಅವಳು ಕೇಳಿದ್ದಳು.

ಅವನು ಒಂದು ಹಸಿರು ಅಂಗಿಯನ್ನು ತೊಡೆಯ ಮೇಲೆ ಹಾಸಿಕೊಂಡು ಹೇಳಿದ. ಅವನಪ್ಪ ಅಣೆಕಟ್ಟಿನ ಕೆಲಸಗಾರ. ಅವನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಕಾಲನಿಯ ಕ್ಲಬ್ಬಿಗೆ ಒಂದು ಟೀವಿ ಇತ್ತು, ಕಪ್ಪು ಬಿಳುಪಿನದು. ಆ ಸಲದ ವರ್ಲ್ಡ್ ಕಪ್ಪನ್ನು ಕಾಲನಿಯ ಹುಡುಗರೆಲ್ಲ ಕಿಟಕಿಗೆ ಜೋತುಬಿದ್ದು ನೋಡಿದ್ದರು. ಎಲ್ಲ ದೇಶದ ಅಂಗಿಗಳೂ ಬೂದಿಯ ಬಣ್ಣ. ಕೆಲವು ತೆಳು ಬೂದಿ, ಕೆಲವು ದಟ್ಟ. ಕ್ಯಾಮರೂನ್ ಎಂಬ ತಂಡ ದೊಡ್ಡದೊಡ್ಡವರನ್ನು ಸೋಲಿಸಿದ್ದನ್ನು ಕಂಡು ಅವನು ಹುಚ್ಚಾಗಿದ್ದ. ಅವರದು ಕೆಂಪು ಅಂಗಿ ಎಂದು ಯಾರೂ ಹೇಳದೆಯೇ ನಂಬಿಕೊಂಡಿದ್ದ. ಕೆಂಪು ಅಲ್ಲ ಎಂದವನ ಸಂಗಡ ಹೊಡೆದಾಡಿದ್ದ ಕೂಡ. ಹರೆಯಕ್ಕೆ ಬಂದ ಮೇಲೆ ಒಂದು ದಿನ ಹುಕ್ಕೇರಿಯ ಸಂತೆಯಲ್ಲಿ ಹಳೆಬಟ್ಟೆಯ ರಾಶಿಯಿಂದ ಈ ಅಂಗಿ ಎದ್ದುಬಂತು. ಎದೆಯ ಮೇಲೆ ಅಂದು ಟೀವಿಯಲ್ಲಿ ಕಂಡ ಅದೇ ಸಿಂಹ. ಬಣ್ಣ ಮಾತ್ರ ಹಸಿರು, ಗೋವಿನಜೋಳದ ಎಲೆಯ ಹಸಿರು.

"ಅಷ್ಟ ವರ್ಷ ತಪ್ಪ ಬಣ್ಣದಾಗ ಕನಸ ಕಂಡಿದ್ನಲ್ರಿ," ಎಂದ. "ಉಳಿದಾವ್ರ ಬಣ್ಣಾನೂ ಒಮ್ಮೆ ಕಣ್ಣಿಲೆ ನೋಡಬೇಕ ಅನಿಸ್ತು."

ಆಟ ಕಲಿಸಿದವರ ಹೆಸರನ್ನೂ ಅಂದು ಹೇಳಿದ್ದ: ಗುರುಲಿಂಗಪ್ಪ ಮಾಸ್ತರರು. ಹುಕ್ಕೇರಿಯವರು, ಕಾಲನಿಯ ವರ್ಕಶಾಪಿನಲ್ಲಿ ಕೆಲಸ, ಸಂಜೆ ಮೈದಾನದಲ್ಲಿ ಹುಡುಗರ ಜೊತೆ. ಪಗಾರದ ಮಾಸ್ತರರಲ್ಲ, ಹುಡುಗರು ಕರೆದು ಕರೆದು ಆದ ಮಾಸ್ತರರು. ಅವರ ಸುದ್ದಿ ಬಂದರೆ ಭೀಮಶಿಯ ದನಿ ತಗ್ಗುತ್ತಿತ್ತು. ಟ್ರಂಕಿನ ತಳದಲ್ಲಿ ಕಾಗದದಲ್ಲಿ ಸುತ್ತಿದ ಬಿಳಿ ಬಟ್ಟೆಯ ಎರಡು ತುಂಡು ಕಂಡು ಅವಳು ಇದೇನೆಂದಾಗ, "ಅದ ಇನ್ನೂ ಬರದ ಇರೂ ಅಂಗಿದು" ಎಂದಷ್ಟೇ ಹೇಳಿ ಮುಚ್ಚಿದ. ಕೈಗೆ ಬಾರದ ಅಂಗಿಯ ಮಾತನ್ನು ಅವನು ಯಾರ ಮುಂದೆಯೂ ಎತ್ತುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ಕಳೆದವು. ಹೋದ ವರ್ಷ ಒಬ್ಬ ಮುದುಕಿ ಹುಕ್ಕೇರಿಯಿಂದ ಗಂಟು ಹೊತ್ತು ಶೆಟ್ಟೆವ್ವನ ಕಟ್ಟೆಗೆ ಬಂದಳು. ಹೆಸರು ಗೌರವ್ವ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಬಳೆಯಿಲ್ಲ.

"ನಮ್ಮ ಮನಿಯವ್ರ ಅರಿವಿ ಇವು," ಎಂದಳು. "ಲಿಂಗೈಕ್ಯ ಆದ್ರು. ಅಂಕಲಗ್ಯಾಗ ಮೊಮ್ಮಗಳ ಲಕ್ಷ್ಮೀ ಹಡದಾಳ. ಮರಿಮೊಮ್ಮಗನ ಮಾರಿ ನೋಡಲಿಲ್ಲ ಅವ್ರು. ಅವ್ರ ಅರಿವಿಲೆ ಕೂಸಿಗಿ ಒಂದ ಕೌದಿ ಮಾಡಿಕೊಡ್ರಿ."

"ಯಾರಬೇ ನಿಮ್ಮ ಮನಿಯವ್ರು?" ಎಂದಳು ಅನ್ನಪೂರ್ಣಾ.

ಗೌರವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಗಂಡನ ಹೆಸರನ್ನು ಆಕೆ ಅವರು ಬದುಕಿದ್ದಾಗಲೇ ಬಾಯಲ್ಲಿ ತಂದವಳಲ್ಲ. ಸತ್ತ ಮೇಲೆ ತರುವಳೆ? "ನಮ್ಮ ಈಶ್ವರನ ಅಪ್ಪ," ಎಂದಳು. ಹುಕ್ಕೇರಿಯಲ್ಲಿ ಈಶ್ವರರು ಎಷ್ಟೋ. ಅನ್ನಪೂರ್ಣಾ ಮತ್ತೆ ಕೇಳಲಿಲ್ಲ.

ಗಂಟಿನಲ್ಲಿ ಧೋತರ, ಬಿಳಿ ಅಂಗಿ, ಒಂದು ರುಮಾಲು. ಎಲ್ಲದರ ಕೆಳಗೆ ತಿಳಿನೀಲಿಯ ಕಾಲರ್ ಅಂಗಿ, ಬನಿಯನ್ನಿನಂತೆ ಹಿಗ್ಗುವ ಹತ್ತಿಯದು. ಮಡಿಕೆಯ ಗೆರೆಗಳಲ್ಲಿ ಬಣ್ಣ ಹಾರಿತ್ತು. ಎದೆಯ ಮೇಲಿನ ಚಿಹ್ನೆಯ ದಾರ ಎದ್ದು ಕಲೆಯಂತಾಗಿತ್ತು. ಯಾವುದೋ ಸಾಲಿಯ ಬ್ಯಾಜು ಇರಬೇಕೆಂದುಕೊಂಡಳು. ಬೆನ್ನ ಮೇಲೆ ಸೂಜಿಯ ಸಣ್ಣ ತೂತುಗಳ ಸಾಲು, ಏನೋ ಹೊಲಿದು ಬಿಚ್ಚಿದ ಗುರುತು.

"ಅತ್ತಿ, ಇಲ್ನೋಡ್ರಿ. ಬೆನ್ನಿಗಿ ಕಿಸೆ ಹಚ್ಚಿದ್ರು ಕಾಣಸತೈತಿ."

"ಹೆಂಡ್ತಿ ಕೈಗಿ ರೊಕ್ಕ ಸಿಗಬಾರದಂತ ಇರಬೇಕು," ಎಂದಳು ಶೆಟ್ಟೆವ್ವ. ಇಬ್ಬರೂ ನಕ್ಕರು. ಶೆಟ್ಟೆವ್ವನ ಲೆಕ್ಕದಲ್ಲಿ ಹಿಗ್ಗುವ ಬಟ್ಟೆಯ ಜಾಗ ಹೊಟ್ಟೆಯೇ. ಅನ್ನಪೂರ್ಣಾ ಅಂಗಿಯನ್ನು ಕತ್ತರಿಸದೆ ಇಡಿಯಾಗಿ ಒಳಪದರಕ್ಕೆ ಹರವಿದಳು. ಮೇಲೆ ಧೋತರದ ಪದರ, ಅದರ ಮೇಲೆ ತುಂಡುಗಳು. ಅಂಚಿನಿಂದ ಶುರುವಾದ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬಂತು. ನಡುವೆ ಅಂಗೈಯಷ್ಟು ಬಾಯಿ ಉಳಿದಾಗ ಶೆಟ್ಟೆವ್ವ ಹೋಳಿಗೆಯ ಚೂರೊಂದನ್ನು ಅದರೊಳಗೆ ಇಟ್ಟಳು. ಕೌದಿ ಹಸಿದಿರಬಾರದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ. ಹೊಟ್ಟೆ ತುಂಬಿಸಿ ಬಾಯಿ ಹೊಲಿದ ಮೇಲೆ ಅದನ್ನು ಬಿಚ್ಚುವಂತಿಲ್ಲ.

ಮದುವೆಯಾದ ಹೊಸತರಲ್ಲಿ ಅನ್ನಪೂರ್ಣಾ ಕೇಳಿದ್ದಳು, "ಇರಿವಿ ಬರೂದಿಲ್ಲೇನ್ರಿ ಅತ್ತಿ?"

"ಇರಿವಿಗಿ ಹೊಟ್ಟಿ ಇಲ್ಲೇನ?" ಎಂದಿದ್ದಳು ಅತ್ತೆ.

ಕೌದಿ ಅಂಕಲಗಿಗೆ ಹೋಯಿತು. ತಿಂಗಳು ಕಳೆದಿರಬೇಕು, ಭೀಮಶಿ ಬಂದ. ಕಾಲುವೆಯ ಏರಿ ಕುಸಿದು ಬಹಳ ದಿನ ಅಲ್ಲಿಯೇ ಕಾವಲು ಬಿದ್ದಿದ್ದನಂತೆ. ಯಾವಾಗಲೂ ತರುವ ಬಟ್ಟೆಯ ಚೀಲ ಕೈಯಲ್ಲಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಗ್ಲಾಸನ್ನು ಕೈಯಲ್ಲೇ ತಿರುವುತ್ತಾ ಹೇಳಿದ.

"ಮಾಸ್ತರ್ರ ಹ್ವಾದ್ರ ಅಕ್ಕಾರ. ಮಣ್ಣಿಗೂ ಹೋಗಾಕ ಆಗಲಿಲ್ಲ. ನೀರ ಬಿಟ್ಟ ಬರೂ ಹಂಗ ಇರಲಿಲ್ಲ."

ಆಮೇಲೆ ಅವನು ಎಂದೂ ಹೇಳದ್ದನ್ನು ಹೇಳಿದ. ಗುರುಲಿಂಗಪ್ಪ ಮಾಸ್ತರರನ್ನು ಹರೆಯದಲ್ಲಿ ಒಂದೇ ಒಂದು ಸಲ ದೇಶದ ತಂಡಕ್ಕೆ ಕರೆದಿದ್ದರು. ಹದಿನಾಲ್ಕನೇ ನಂಬರಿನ ತಿಳಿನೀಲಿ ಅಂಗಿ ಕೊಟ್ಟರು. ಪಂದ್ಯ ಮುಗಿಯುವ ತನಕ ಬೆಂಚಿನ ಮೇಲೆ ಕುಳಿತಿದ್ದರು, ಯಾರೂ ಇಳಿ ಎನ್ನಲಿಲ್ಲ. ಮತ್ತೆ ಕರೆಯೂ ಬರಲಿಲ್ಲ. ಅಂಗಿಗೆ ಬೆವರು ತಾಗದ್ದರಿಂದ ಅದನ್ನು ಒಗೆಯಲೇ ಇಲ್ಲ. ಮುಂದೆ ಭೀಮಶಿ ಕಾಲನಿಯ ತಂಡದಲ್ಲಿ ಮೊದಲ ಪಂದ್ಯ ಆಡುವ ದಿನ, ಮಾಸ್ತರರು ಆ ಅಂಗಿಯ ನಂಬರನ್ನು ಬಿಚ್ಚಿ ಅವನ ಬನಿಯನ್ನಿನ ಬೆನ್ನಿಗೆ ಹೊಲಿದಿದ್ದರು. "ನಂಬರರೇ ಆಡ್ಲಿ ಅಂದ್ರು. ಆಡ್ತು. ಅಂಗಿ ಮಾತ್ರ ಇನ್ನೂ ಬೆಂಚ್ ಮ್ಯಾಲ ಐತಿ ಅಂತ ನಗತಿದ್ರು. ನಾ ಹ್ವಾದ ಮ್ಯಾಲ ನೀನ ತಗೊಂಡ ಎರಡನೂ ಕೂಡಸ ಅಂದಿದ್ರು."

"ಮತ್ತ?" ಎಂದಳು ಅನ್ನಪೂರ್ಣಾ.

"ಹುಕ್ಕೇರಿಗಿ ಹೋಗಿದ್ದೆ. ಗೌರವ್ವಾಯಿ ಅಂಕಲಗಿಗಿ ಹೋಗ್ಯಾರಂತ. ಅರಿವೆಲ್ಲಾ ಕೌದಿಗಿ ಕೊಟ್ರು ಅಂದ ಮಗಾ ಈಶ್ವರ. ಮೂಡಲಗಿಗಿ ಅಂದ."

ಬೆನ್ನ ಮೇಲಿನ ತೂತುಗಳು ಅವಳ ಕಣ್ಣ ಮುಂದೆ ಬಂದವು. ಒಂದು ನೆಟ್ಟಗಿನ ಗೆರೆ, ಅದರ ಬಾಜೂಕ ಮೂಲೆಮೂಲೆಯ ಗೆರೆ. ಕಿಸೆಯಲ್ಲ ಅದು. ಒಂದು ಮತ್ತು ನಾಲ್ಕು.

"ಅಣ್ಣಾರ, ಕತ್ತರಸಿಲ್ಲ," ಎಂದಳು ಮೊದಲು. "ಇಡಿ ಐತಿ. ಒಳಗೈತಿ. ನಾ ಬಿಚ್ಚಿಕೊಡತೇನಿ."

ಭೀಮಶಿಯ ಮುಖ ಅರಳಿತು. ಒಳಗಿನಿಂದ ಶೆಟ್ಟೆವ್ವನ ದನಿ ಬಂತು. "ಬಿಚ್ಚಾಕ ಬರೂದಿಲ್ಲ. ಹೊಟ್ಟಿ ತುಂಬಿಸಿದ ಕೌದಿ ಅದು. ಹಸಗೂಸಿನ ಹಾಸಗಿ. ಬ್ಯಾಡ."

"ಆ ಮನಷ್ಯಾಗ ಮಾತ ಕೊಟ್ಟಾರ್ರಿ ಅತ್ತಿ."

"ಕೂಸಿಗಿ ಯಾರ ಮಾತ ಕೊಟ್ಟಾರ?"

ಮರುದಿನ ಅನ್ನಪೂರ್ಣಾ ಅತ್ತೆಗೆ ಎದುರಾಡದೆ, ಅವಳಿಗೆ ಹೇಳಿಯೇ ಬಸ್ಸು ಹತ್ತಿದಳು. ಚೀಲದಲ್ಲಿ ಸಣ್ಣ ಕತ್ತರಿ, ಸೂಜಿ, ದಾರ ಇದ್ದವು. ತನ್ನ ಕೈಯಿಂದ ಆದದ್ದು, ತನ್ನ ಕೈಯಿಂದಲೇ ಸರಿಯಾಗಲಿ ಎಂಬುದು ಅವಳ ಹಟ. ಭೀಮಶಿ ಅಂಕಲಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ.

ಬಾಣಂತಿಯ ಕೋಣೆಯಲ್ಲಿ ಅಜವಾನದ ಹೊಗೆ. ಕೂಸು ಕೌದಿಯ ಮೇಲೆ ಮುಷ್ಟಿ ಬಿಗಿದು ಮಲಗಿತ್ತು. ಭೀಮಶಿ ಬಾಗಿಲ ಆಚೆಯೇ ನಿಂತ. ಅವನು ಬಾಯಿ ತೆರೆಯಲಾರನೆಂದು ತಿಳಿದು ಅನ್ನಪೂರ್ಣಾಳೇ ಗೌರವ್ವನಿಗೆ ಎಲ್ಲ ಹೇಳಿದಳು.

ಗೌರವ್ವ ಕೌದಿಯ ಅಂಚನ್ನು ಮುಟ್ಟಿ ನೋಡಿದಳು. "ನನಗ ಹೇಳಲೇ ಇಲ್ಲ ನೋಡು ಅವ್ರು," ಎಂದಳು. "ಪೆಟಗಿ ತಳದಾಗ ಯಾಕ ಇಟ್ಟಾರಂತ ನಾನೂ ಕೇಳಲಿಲ್ಲ. ಮಾತ ಕೊಟ್ಟಿದ್ರ ಕೊಟ್ಟಂಗ. ಬಿಚ್ಚವ್ವಾ."

ಲಕ್ಷ್ಮೀ ಕೂಸನ್ನು ಎತ್ತಿಕೊಂಡಳು. "ಇದನ್ನ ಬಿಟ್ಟ ಬ್ಯಾರೇದ್ರ ಮ್ಯಾಲ ಮಲಗೂದಿಲ್ರಿ ಇಂವ," ಎಂದಳು ಮೆಲ್ಲಗೆ. ಆದರೂ ಕೌದಿ ಎತ್ತಿ ಕೊಟ್ಟಳು.

ಅನ್ನಪೂರ್ಣಾ ಅದನ್ನು ಭೀಮಶಿಯ ಕೈಗೆ ಕೊಟ್ಟಳು. ಮೊದಲು ಅವನು ನೋಡಲಿ, ಆಮೇಲೆ ಕತ್ತರಿ. ಅವನು ಕೌದಿಯನ್ನು ಎರಡೂ ಕೈಯಲ್ಲಿ ಚಾಚಿ ಅಂಗಳದ ಬಿಸಿಲಿಗೆ ಹಿಡಿದ. ಸವೆದ ಧೋತರದ ಪದರದೊಳಗಿಂದ ಅಂಗಿಯ ಆಕಾರ ಮೂಡಿತು. ಎರಡು ತೋಳು, ಕಾಲರು, ಬೆನ್ನು. ನಡುವೆ ಒಂದು ಕಡೆ ದೊಡ್ಡದಾಗಿ ಒದ್ದೆ. ಅವನ ಮೊಣಕೈಯಿಂದ ಹನಿ ತೊಟ್ಟಿಕ್ಕಿತು.

"ಅಯ್ಯ, ಈಗಷ್ಟ ಬದಲ ಮಾಡಿದ್ದೆ!" ಎಂದಳು ಲಕ್ಷ್ಮೀ ನಾಚಿಕೊಂಡು.

ಭೀಮಶಿ ಕೈ ನೋಡಿಕೊಂಡ. ಮೊದಲು ಅವನ ಭುಜ ಅಲುಗಿತು. ಅಳುತ್ತಾನೇನೋ ಎಂದು ಅನ್ನಪೂರ್ಣಾ ಹೆದರಿದಳು. ಅವನು ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

"ತೋಯ್ತು ನೋಡ್ರಿ ಆಯಿ! ಮಾಸ್ತರ್ರ ಅಂಗಿ ಕಡೀಕೂ ತೋಯ್ತು. ಇಷ್ಟ ವರ್ಷ ಬೆಂಚ್ ಮ್ಯಾಲ ಕುಂತಿತ್ತು. ಈಗ ಗ್ರೌಂಡಿಗಿ ಇಳದೈತಿ."

ಗೌರವ್ವನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅನ್ನಪೂರ್ಣಾ ಚೀಲದಿಂದ ಕತ್ತರಿ ತೆಗೆದಳು. "ಎಲ್ಲಿಂದ ಬಿಚ್ಚಲ್ರಿ ಅಣ್ಣಾರ?"

"ಕತ್ತರಿ ಒಳಗ ಇಡ್ರಿ. ಆಡಾಕ ಇಳದಾವ್ನ ಯಾರರ ಹೊರಗ ಕರೀತಾರೇನ?" ಅವನು ತಾನು ತೊಟ್ಟ ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದ. ತೂತಿಗೆ ತೂತು ಹೊಂದಿಸಿ ನೋಡಲು ತಂದಿದ್ದನಂತೆ. ಒಳಗೆ ಬಿಳಿ ಬಟ್ಟೆಯ ಒಂದು ಮತ್ತು ನಾಲ್ಕು, ಹಳೆಯ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಒಂದು ಕ್ಷಣ ಅವನ್ನು ಹೆಬ್ಬೆರಳಿನಿಂದ ಸವರಿದ. ಆ ಹೊತ್ತಿಗೆ ನಗು ಇರಲಿಲ್ಲ. ಆಮೇಲೆ ಅನ್ನಪೂರ್ಣಾಳ ಕೈಯಲ್ಲಿ ಇಟ್ಟ. "ಬಿಚ್ಚಬಾರದ ಖರೆ. ಮ್ಯಾಲ ಹಚ್ಚಾಕ ಬರತೈತೆಲ್ಲ?"

"ಬರತೈತ್ರಿ."

ಕೌದಿಯ ಒದ್ದೆಯಾದ ಭಾಗ ತೊಳೆದು ಬಿಸಿಲಿಗೆ ಹಾಕಿ, ಒಣಗುವಷ್ಟರಲ್ಲಿ ಊಟ ಮುಗಿಸಿದರು. ನಂತರ ಅನ್ನಪೂರ್ಣಾ ಅಂಗಳದಲ್ಲಿ ಕುಳಿತು, ಅಂಗಿಯ ಬೆನ್ನು ಎಲ್ಲಿದೆಯೆಂದು ಬಿಸಿಲಿಗೆ ಹಿಡಿದು ಗುರುತಿಸಿ, ಒಂದನ್ನೂ ನಾಲ್ಕನ್ನೂ ಮೇಲಿನಿಂದ ಹೊಲಿದಳು. ಸೂಜಿಯನ್ನು ಎಲ್ಲ ಪದರ ದಾಟಿಸಿ ಅಂಗಿಯ ತನಕ ಒತ್ತಿದಳು. ಗೌರವ್ವ ದಾರ ಪೋಣಿಸಿ ಕೊಡುತ್ತಿದ್ದಳು. ಭೀಮಶಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದ.

ಮನೆಗೆ ಬಂದಾಗ ಶೆಟ್ಟೆವ್ವ ಕೇಳಿದಳು, "ಬಿಚ್ಚಿದಿ?"

"ಇಲ್ರಿ. ಹಚ್ಚಿ ಬಂದೆ."

ಬೇಕೆಂದು ಅಷ್ಟು ವರ್ಷ ಕಾದದ್ದನ್ನು ಕೈಗೆ ಬಂದ ಮೇಲೆ ಬಿಟ್ಟುಕೊಟ್ಟವನನ್ನು ಅನ್ನಪೂರ್ಣಾ ಅವನ ಹೊರತು ಇನ್ನೊಬ್ಬನನ್ನು ಕಂಡಿಲ್ಲ. ಬಿಟ್ಟುಕೊಟ್ಟದ್ದಷ್ಟೇ ಅಲ್ಲ, ತನ್ನಲ್ಲಿದ್ದುದನ್ನೂ ಅದಕ್ಕೇ ಸೇರಿಸಿ ಬಂದ. ಅದನ್ನು ಅವಳು ಅವನೆದುರು ಎಂದೂ ಆಡಿಲ್ಲ. ಆಡಿದರೆ ಅವನು ಕ್ರೊಯೇಷಿಯಾದ ಸುದ್ದಿ ತೆಗೆದು ಮಾತು ಹಾರಿಸುತ್ತಾನೆ.

ಭೀಮಶಿ ಈಗ ಹುಕ್ಕೇರಿ ಕಡೆಯ ಕಾಲುವೆಯ ಮೇಲೆ ನೀರಗಂಟಿ. ಭಾನುವಾರ ಹಿಡಕಲ್ ಕಾಲನಿಯ ಮೈದಾನದಲ್ಲಿ ಹುಡುಗ ಹುಡುಗಿಯರಿಗೆ ಫುಟ್ಬಾಲ್ ಕಲಿಸುತ್ತಾನೆ. ಗೋಕಾಕದ ಸಂತೆಯ ದಿನ ರಾಜಪ್ಪನ ರಾಶಿಯ ಮುಂದೆ ಕೂರುತ್ತಾನೆ. ಯಾವುದಾದರೂ ದೇಶದ ಹಳೆಯ ಅಂಗಿ ಸಿಕ್ಕರೆ ಮನೆಗೆ ತಂದು, ಒಗೆದು, ನೆರಳಿನಲ್ಲಿ ಒಣಗಿಸಿ, ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಡುತ್ತಾನೆ.